ಮೂರನೇ ಠಾಣೆಯ ತಪ್ಪು ಅಂಕಿ

ಅವಳು ಎರಡನೇ ಠಾಣೆಯ ಏಣಿಗಾಡಿಯ ಮೇಲೆ ಕಾಲು ಇಳಿಬಿಟ್ಟು ಕೂತು ನಗುತ್ತಿದ್ದಳು. ಕೆಳಗೆ ನಿಂತು ಕೈಯಾಡಿಸುತ್ತ ಏನೋ ಹೇಳುತ್ತಿದ್ದವನು ಆ ಗಾಡಿಯ ಡ್ರೈವರ್. ಇಲಾಖೆಯಲ್ಲೆಲ್ಲ ಅವನನ್ನು ಹೀರೋ ಅಂತಲೇ ಕರೆಯುವುದು. ಎದುರಿನ ಸಿಗ್ನಲ್‌ನಲ್ಲಿ ಕಾಯುತ್ತಿದ್ದ ಮೂರನೇ ಠಾಣೆಯ ಡ್ರೈವರ್ ಇದನ್ನೆಲ್ಲ ಕಂಡ. ಹಸಿರು ದೀಪ ಬಿದ್ದರೂ ಅವನ ಗಾಡಿ ಹೊರಡಲಿಲ್ಲ.

"ಹಿಂದೆ ಹಾರ್ನ್ ಹೊಡೀತಿದ್ದಾರೆ ಕಣೋ," ಅಂದರು ಪಕ್ಕದಲ್ಲಿದ್ದ ಚಿಕ್ಕಪ್ಪ. ಅದೇ ಠಾಣೆಯಲ್ಲಿ ಪಂಪ್ ನೋಡಿಕೊಳ್ಳುವವರು. ಅಣ್ಣನ ಮಗ ಅನ್ನುವ ದಾಕ್ಷಿಣ್ಯ ಡ್ಯೂಟಿಯಲ್ಲಿ ಅವರಿಗಿರಲಿಲ್ಲ. "ಊರಿನ ಬೆಂಕಿಗೆ ನಾವಿದ್ದೀವಿ. ನಿನ್ನ ಹೊಟ್ಟೆಕಿಚ್ಚಿಗೆ ಯಾರಿಗೆ ಫೋನ್ ಮಾಡೋಣ?"

ಅವನು ಗೇರ್ ಹಾಕಿದ.

ಅವಳು ಅಗ್ನಿಶಾಮಕ ಇಲಾಖೆಯ ಇತಿಹಾಸ ಬರೆಯಲು ಬಂದವಳು. ನಗರದ ಒಂಬತ್ತು ಠಾಣೆಗಳು, ಅವುಗಳ ಹಳೆಯ ಗಾಡಿಗಳು, ಎಲ್ಲವೂ ಪುಸ್ತಕವಾಗಬೇಕಿತ್ತು. ಮೂರನೇ ಠಾಣೆಗೇ ಮೊದಲು ಬಂದಿದ್ದಳು. ಅಲ್ಲಿನ ಹಳೆಯ ಪಂಪ್‌ಗಾಡಿ ಈಗ ಓಡುವುದಿಲ್ಲ. ಅವನು ಮಾತ್ರ ದಿನಾ ಅದನ್ನು ಒರೆಸುತ್ತಾನೆ.

ಅವಳು ನೂರು ಪ್ರಶ್ನೆ ಕೇಳಿದಳು. ಅವನಿಂದ ಬಂದದ್ದು ಹೌದು, ಇಲ್ಲ, ಗೊತ್ತಿಲ್ಲ. ಅವಳ ಬಗ್ಗೆ ಮಾತ್ರ ಅವನಿಗೆ ಬಹಳ ಗೊತ್ತಾಗಿತ್ತು. ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಅವಳು ಅದನ್ನೇ ಚೀಲದಲ್ಲೆಲ್ಲ ಹುಡುಕುವುದು. ಗಾಡಿಯ ಹಿತ್ತಾಳೆ ಗಂಟೆ ಮುಟ್ಟುವ ಮುಂಚೆ ಅಂಗೈ ಒರೆಸಿಕೊಳ್ಳುವುದು. ಎರಡೇ ದಿನಕ್ಕೆ ಕೆಲಸ ಮುಗಿಯಿತು.

"ಈ ಫಾರಂಗಳನ್ನ ಒಂದೊಂದಾಗಿ ತುಂಬಿ ಕಳಿಸಿ. ನಾಳೆಯಿಂದ ನಾನು ಎರಡನೇ ಠಾಣೆಗೆ ಹೋಗ್ತೀನಿ," ಅಂದಳು.

ಎರಡನೇ ಠಾಣೆ ಅಂದರೆ ಹೀರೋ. ಮೊದಲ ಫಾರಂನಲ್ಲಿ ಗಾಡಿಯ ಚಾಸಿ ನಂಬರ್ ಬರೆಯುವಾಗ ಅವನು ಎಂಟಿರುವ ಕಡೆ ಮೂರು ಬರೆದ. ಅದು ಕೈತಪ್ಪಾಗಿರಲಿಲ್ಲ.

ನಾಲ್ಕನೇ ದಿನ ಅವಳು ಬಂದಳು. "ರಿಜಿಸ್ಟರ್‌ಗೂ ಇದಕ್ಕೂ ತಾಳೆ ಆಗ್ತಿಲ್ವಲ್ಲ?" ಇಬ್ಬರೂ ಟಾರ್ಚ್ ಹಿಡಿದು ಗಾಡಿಯಡಿಗೆ ತೂರಿದರು. ಅವಳು ಒಂದೊಂದೇ ಅಂಕಿ ಗಟ್ಟಿಯಾಗಿ ಓದಿದಳು. ಅವನ ಕಿವಿಗೆ ಒಂದೂ ಬೀಳಲಿಲ್ಲ.

ಮುಂದಿನ ವಾರ ಪಂಪಿನ ನಂಬರ್ ತಪ್ಪಿತು, ಅದರ ಮುಂದಿನ ವಾರ ಎಂಜಿನ್ನಿನದು. ಪ್ರತಿ ಸಲವೂ ಬಂದಳು. ಪ್ರತಿ ಸಲವೂ ಹೀರೋನ ಸುದ್ದಿಯನ್ನೂ ತಂದಳು.

"ಏಣಿ ತುದಿಗೆ ಹತ್ತಿಸಿದ್ರು ನನ್ನ. ಇಡೀ ಊರು ಕಾಣ್ಸುತ್ತೆ!"

"ಓ."

"ಅಷ್ಟೇನಾ?"

ಓರೆಯಾಗಿ ಅವನನ್ನು ನೋಡುತ್ತ ನಿಂತಳು. ಅವನು ಆಗಲೇ ಹೊಳೆಯುತ್ತಿದ್ದ ಬಾನೆಟ್ಟನ್ನು ಇನ್ನೊಮ್ಮೆ ಒರೆಸಿದ.

ಕೊನೆಯ ಫಾರಂನಲ್ಲಿ ಗಾಡಿ ಬಂದ ವರ್ಷವನ್ನೇ ಹನ್ನೊಂದು ವರ್ಷ ಮುಂದಕ್ಕೆ ಹಾಕಿದ. ಈ ಸಲ ಅವಳ ಬದಲು ಫೋನ್ ಬಂತು.

"ಮೊದಲ ಭಾಗ ಇವತ್ತು ಸಂಜೆ ಐದಕ್ಕೆ ಅಚ್ಚಿಗೆ ಹೋಗುತ್ತೆ. ಕೊನೇ ಸಲ ಕೇಳ್ತಿದ್ದೀನಿ, ನೀವು ಬರೆದ ವರ್ಷ ಸರಿಯಿದೆ ತಾನೇ?"

ಅವಳ ದನಿಯ ಹಿಂದೆ ಹೀರೋನ ನಗು ಕೇಳಿಸಿತು.

"ಸರಿಯಿದೆ," ಅಂದು ಫೋನ್ ಇಟ್ಟುಬಿಟ್ಟ.

"ನೀನು ಕಳಿಸಿದ ಫಾರಂನ ಪ್ರತಿ ನೋಡ್ದೆ," ಅಂದರು ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. "ಆ ಹನ್ನೊಂದು ವರ್ಷ ಈ ಗಾಡಿ ಓಡಿಸಿದ್ದು ನಿಮ್ಮಪ್ಪ. ಗಾಡಿನೇ ಇರಲಿಲ್ಲ ಅಂದ್ಮೇಲೆ ಅಣ್ಣ ಏನು ಗಾಳಿ ಓಡಿಸ್ತಿದ್ನಾ? ನಿನ್ನ ಹೊಟ್ಟೆಕಿಚ್ಚಲ್ಲಿ ಸತ್ತವನನ್ನ ಇನ್ನೊಂದು ಸಲ ಸುಡ್ಬೇಡ ಕಣೋ."

ಅವನು ಕೇಂದ್ರ ಕಚೇರಿಯ ಮೆಟ್ಟಿಲು ಹತ್ತುವಾಗ ನಾಲ್ಕೂ ಮುಕ್ಕಾಲು. ಅವಳ ಮೇಜಿನ ಅಂಚಿನ ಮೇಲೆ ಹೀರೋ ಕೂತಿದ್ದ. ಎದ್ದು ಹೋಗುವ ಲಕ್ಷಣ ಕಾಣಲಿಲ್ಲ.

"ವರ್ಷ ತಪ್ಪು," ಅಂದ ಅವನು ಏದುಸಿರು ಬಿಡುತ್ತ. "ಆ ನಂಬರ್‌ಗಳೂ ತಪ್ಪು. ಎಲ್ಲಾ ಬೇಕಂತಲೇ ಬರೆದೆ."

"ಯಾಕೆ?"

ಅವನು ಹೀರೋನನ್ನು ನೋಡಿದ, ನೆಲವನ್ನು ನೋಡಿದ. "ನೀವು ವಾಪಸ್ ಬರಲಿ ಅಂತ. ಇವನ ಮಾತಿಗೆ ನೀವು ನಗೋದನ್ನ ನೋಡೋಕೆ ನನ್ನಿಂದಾಗಲ್ಲ."

ಹೀರೋ ಮೇಜಿನಿಂದ ಇಳಿದ. "ಒಂದು ಅಂಕಿ ತಪ್ಪು ಬರೆಯೋದು ನನಗೆ ಹೊಳೀಲೇ ಇಲ್ವಲ್ಲ," ಅಂದು ಹೊರಗೆ ನಡೆದ.

ಅವಳು ಕಂಪ್ಯೂಟರ್ ತಿರುಗಿಸಿ ಮೂರನೇ ಠಾಣೆಯ ಪುಟ ತೋರಿಸಿದಳು. ವರ್ಷ ಸರಿಯಾಗಿಯೇ ಇತ್ತು. ಮೊದಲ ಡ್ರೈವರ್ ಅಂತ ಅವನ ಅಪ್ಪನ ಹೆಸರಿತ್ತು.

"ವರ್ಷ ರಿಜಿಸ್ಟರ್‌ನಲ್ಲೇ ಇತ್ತು. ನಂಬರ್‌ಗಳದ್ದೆಲ್ಲ ಮೊದಲ ದಿನವೇ ಫೋಟೋ ತೆಗೆದಿದ್ದೆ," ಅಂದಳು.

"ಮತ್ತೆ ಯಾಕೆ ಬರ್ತಿದ್ರಿ?"

ಅವಳು ಸುಮ್ಮನಾದಳು. ಇಷ್ಟು ದಿನ ತಾನು ಸುಮ್ಮನಿದ್ದಾಗ ಎದುರಿನವರಿಗೆ ಏನಾಗುತ್ತಿತ್ತು ಅನ್ನುವುದು ಅವನಿಗೆ ಈಗ ತಿಳಿಯಿತು.

"ನೀವು ಅಂಕಿ ತಪ್ಪಿಸಿ ಕರೆದಾಗೆಲ್ಲ ಬಂದೆ," ಅಂದಳು ಕೊನೆಗೆ. "ಇವತ್ತಾದ್ರೂ ಬಾಯಿಬಿಟ್ಟು ಕರೀಲಿ ಅಂತಲೇ ಬರದೆ ಫೋನ್ ಮಾಡ್ದೆ."

"ಬನ್ನಿ," ಅಂದ. ಮತ್ತೆ, ಅದು ಸಾಲದು ಅನ್ನಿಸಿ, "ದಿನಾ ಬನ್ನಿ," ಅಂದ.

ಅವಳ ಕಣ್ಣುಗಳು ನಕ್ಕವು. "ನಾಳೆಯಿಂದ ನಾಲ್ಕನೇ ಠಾಣೆ ಇದೆಯಲ್ಲ."

"ಅಲ್ಲಿನ ಡ್ರೈವರ್ ಹಾಡ್ತಾನೆ," ಅಂದ ಅವನು ಹುಬ್ಬು ಗಂಟಿಕ್ಕಿ.

"ಹೌದಾ? ಚೆನ್ನಾಗಿ ಹಾಡ್ತಾರಾ?"

ಅವನು ಕುರ್ಚಿ ಎಳೆದು ಕೂತು, ನಾಳೆಯಿಂದಲೇ ರಜೆ ಬೇಕೆಂದು ಅರ್ಜಿ ಬರೆಯಲು ಒಂದು ಹಾಳೆ ಕೇಳಿದ.