ಗ್ರಾಫಿನಲ್ಲಿ ಕಂಡ ಜಗಳ

"ಸರಿಹೋಯ್ತಾ ಪುಟ್ಟಿ?" ರಿಪೇರಿಗೆ ಬಂದ ಹಾರ್ಮೋನಿಯಂನ ಕೊನೇ ಕೀ ಒತ್ತಿ ಹಿಡಿದು ಅಜ್ಜ ಕೇಳಿದರು.

ಸರಿಹೋಗಿರಲಿಲ್ಲ. ಒಂದೊಂದು ಕೀಗೂ ಒಳಗೆ ಗಾಳಿಗೆ ಅದುರುವ ಎರಡು ಹಿತ್ತಾಳೆ ರೀಡು. ಎರಡೂ ಒಂದೇ ಸ್ವರ ಹಾಡಬೇಕು. ಇವು ವಾಂವ್, ವಾಂವ್ ಎಂದು ಏರಿಳಿಯುತ್ತಿದ್ದವು. "ವಾಂವ್ ಅಂದ್ರೆ ಎರಡಕ್ಕೂ ಜಗಳ. ಅದು ನಿಲ್ಲೋವರೆಗೆ ರೀಡನ್ನ ಅರದಲ್ಲಿ ಉಜ್ಜಬೇಕು" ಎಂದು ಕಲಿಸಿದವರೇ ಅಜ್ಜ. ಈಚೆಗೆ ಅವರಿಗೇ ಅದು ಸರಿಯಾಗಿ ಕೇಳಿಸದು.

ಹೋದ ವಾರವೂ ಪುಟ್ಟಿಗೆ ಅದು ಕೇಳಿಸಿತ್ತು. ಅಜ್ಜನ ಮುಖ ಬಾಡೀತೆಂದು "ಸರಿ ಇದೆ" ಅಂದುಬಿಟ್ಟಿದ್ದಳು. ಎರಡೇ ದಿನಕ್ಕೆ ಹಾರ್ಮೋನಿಯಂ ವಾಪಸ್ ಬಂತು. "ನಿಮ್ಮ ಕೈಯಲ್ಲಿ ಹೀಗಾಗೋದಾ?" ಎಂದು ಸಂಗೀತದ ಮೇಷ್ಟ್ರು ಕೇಳಿದಾಗ ಅಜ್ಜ ತಲೆ ತಗ್ಗಿಸಿದ್ದರು. ಇವತ್ತು ಸಂಜೆ ಐದಕ್ಕೆ ಮೇಷ್ಟ್ರು ಮತ್ತೆ ಬರುತ್ತಾರೆ.

"ಹೇಳೇ, ಸರಿಹೋಯ್ತಾ?" ಅಜ್ಜ ಮತ್ತೆ ಕೇಳಿದರು.

ಪುಟ್ಟಿ ಒಳಗೋಡಿ ಅಕ್ಕನ ಗ್ರಾಫ್ ಬುಕ್ ತಂದಳು. ನಿನ್ನೆ ಅಕ್ಕ ಹೋಂವರ್ಕ್ ಮಾಡುವಾಗ ಪಕ್ಕದಲ್ಲೇ ಕೂತಿದ್ದಳು. ಪುಟದಲ್ಲಿ ಎರಡು ಅಲೆ. ಒಂದಕ್ಕೆ ಏರಿಳಿಯಲು ತುಸು ಅವಸರ. ಪ್ರತಿ ಚೌಕದಲ್ಲೂ ಎರಡರ ಎತ್ತರ ಕೂಡಿಸಿ ಚುಕ್ಕೆ ಇಡಬೇಕು. ಎರಡೂ ಮೇಲಿದ್ದರೆ ಚುಕ್ಕೆ ಎತ್ತರಕ್ಕೆ ಹೋಗುತ್ತದೆ. ಒಂದು ಮೇಲೆ, ಇನ್ನೊಂದು ಅಷ್ಟೇ ಕೆಳಗೆ ಇದ್ದರೆ ಸೊನ್ನೆ. ಚುಕ್ಕೆ ಸೇರಿಸಿದ ಕೆಂಪು ಗೆರೆ ಉಬ್ಬಿ, ಕುಗ್ಗಿ, ಮತ್ತೆ ಉಬ್ಬಿತ್ತು.

"ಅಜ್ಜ, ಜಗಳ ಅಂದ್ರೆ ಇದೇ. ಒಂದೊಂದು ರೀಡೂ ಒಂದೊಂದು ಅಲೆ. ಇಲ್ಲಿ ಜೋರು. ಇಲ್ಲಿ ಸೊನ್ನೆ. ಆಮೇಲೆ ಮತ್ತೆ ಜೋರು."

ಅಜ್ಜ ಕನ್ನಡಕ ಏರಿಸಿ ಉಬ್ಬುಗಳ ಮೇಲೆ ಬೆರಳಾಡಿಸಿದರು. "ಹೌದಲ್ಲೇ! ನಲವತ್ತು ವರ್ಷ ಕಿವೀಲಿ ಕೇಳಿದ್ದನ್ನ ಇವತ್ತು ಕಣ್ಣಲ್ಲಿ ನೋಡ್ದೆ." ಆಮೇಲೆ ಮೆಲ್ಲಗೆ ಕೇಳಿದರು: "ಈಗ್ಲೂ ವಾಂವ್ ಕೇಳಿಸ್ತಿದ್ಯಾ?"

"ಹೂಂ. ಹೋದ ವಾರಾನೂ ಕೇಳ್ತಿತ್ತು. ನಾನು ಸುಳ್ಳು ಹೇಳ್ದೆ." ಪುಟ್ಟಿಗೆ ಅಳು ಉಕ್ಕಿ ಬಂತು.

ಅಜ್ಜ ಬೈಯಲಿಲ್ಲ. "ನಂಗೂ ನನ್ನ ಕಿವಿ ಮೇಲೆ ಅನುಮಾನ ಇತ್ತು ಕಣೇ. ನಿನ್ನ ಕೇಳೋಕೆ ಧೈರ್ಯ ಬರ್ಲಿಲ್ಲ. ಬಾ, ಕೈ ಎತ್ತು. ಸದ್ದು ಏರಿದಾಗ ಏರಿಸು, ಇಳಿದಾಗ ಇಳಿಸು."

ಅವರು ಉಜ್ಜುವರು, ಕೀ ಒತ್ತುವರು, ಪುಟ್ಟಿಯ ಕೈ ನೋಡುವರು. ಕೈ ಆಡುವುದು ನಿಧಾನವಾಯಿತು. ಇನ್ನೂ ನಿಧಾನವಾಯಿತು. ಕೊನೆಗೆ ಎತ್ತಿದಲ್ಲೇ ನಿಂತಿತು.

"ನಿಂತಿತಾ?"

"ನಿಂತಿತು ಅಜ್ಜ. ತುಂಬಾ ಚೆನ್ನಾಗಿದೆ."

ಅಜ್ಜ ಅರವನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರು. "ನಾನು ಸರಿಮಾಡೋದ್ರಲ್ಲಿ ಇದೇ ಕೊನೇ ಹಾರ್ಮೋನಿಯಂ" ಎಂದು ಮುಚ್ಚಳ ಒತ್ತಿದರು.

ಆಮೇಲೆ ಅದೇ ಕೀಯನ್ನು ಮತ್ತೊಮ್ಮೆ ಒತ್ತಿ ಹಿಡಿದರು. ಅವರ ಕಣ್ಣು ಪುಟ್ಟಿಯ ಕೈ ಮೇಲೇ ಇತ್ತು. ಪುಟ್ಟಿಯ ತೋಳು ನೋಯುತ್ತಿತ್ತು. ಸ್ವರ ಇರುವವರೆಗೂ ಅವಳು ಕೈ ಇಳಿಸಲಿಲ್ಲ.