ಕಾರು ನಿಂತ ಜಾಗ

ಮಣಿಪಾಲದಲ್ಲಿ ಮಗಳನ್ನು ಕೊಡಬೇಕೆಂದಿದ್ದ ಮನೆಗೆ ಹೋದಾಗ ಕಾಫಿ ಬರುವ ಮೊದಲು ಹಳೆಯ ಪೇಪರು ಬಂತು. ಓದುವುದಕ್ಕಲ್ಲ, ಕಾರಿನ ಕೆಳಗೆ ಹಾಸುವುದಕ್ಕೆ. "ತಪ್ಪು ತಿಳಿಯಬೇಡಿ, ಅಂಗಳಕ್ಕೆ ಹೊಸ ಕಲ್ಲು ಹಾಕಿಸಿದ್ದು ಮೊನ್ನೆ ಅಲ್ವಾ," ಎಂದು ಹುಡುಗನ ತಾಯಿ ನಕ್ಕರು. ಸಂಬಂಧ ಮುಂದುವರಿಯಲಿಲ್ಲ. ಅವರು ಜಾತಕದ ನೆಪ ಹೇಳಿದರು. ಕಾಪುವಿನ ಸರ್ವೋತ್ತಮ ಶೆಟ್ಟರಿಗೆ ಮಾತ್ರ ಆ ಪೇಪರೇ ಕಾರಣ. ಮಗಳು ವಿಜೇತಾ ಎರಡು ದಿನ ಊಟ ಬಿಟ್ಟಳು. ಶೆಟ್ಟರ ಮೈ ಉರಿದುಹೋಯಿತು.

ಉರಿಯೆಲ್ಲ ಯಂಕಪ್ಪನ ಮೇಲೆ. ಬಾಗಲಕೋಟೆ ಕಡೆಯಿಂದ ಬಂದು ಹೆದ್ದಾರಿ ಬದಿಗೆ ತಗಡಿನ ಗ್ಯಾರೇಜು ಹಾಕಿಕೊಂಡವನು. ಅವನು ಇಂಜಿನ್ ಬಿಚ್ಚಿ ಜೋಡಿಸಿ ಕೊಟ್ಟ ಮೇಲೆಯೇ ಶೆಟ್ಟರ ಇಪ್ಪತ್ತು ವರ್ಷದ ಬಿಳಿ ಕಾರು ಆಯಿಲ್ ಸೋರತೊಡಗಿದ್ದು. ನಾಲ್ಕು ಸಲ ಒಯ್ದರು. ನಾಲ್ಕು ಸಲವೂ ಅವನು ತಳ ಒರೆಸಿ, ಮುಖದ ಪೌಡರ್ ಉದುರಿಸಿ, ಎಲ್ಲಿ ಒದ್ದೆಯಾಗುತ್ತದೆಂದು ಟಾರ್ಚು ಹಿಡಿದು ಹುಡುಕಿದ. ಒಮ್ಮೆ ತಳದ ಪ್ಯಾಕಿಂಗ್ ಬದಲಿಸಿದ, ಇನ್ನೊಮ್ಮೆ ಆಯಿಲ್ ಸೀಲು. "ಇನ್ನೊಂದ್ ಸಲ ನೋಡ್ತೀನ್ರೀ ಶೆಟ್ರ, ಸಿಕ್ಕೇ ಸಿಗತೈತ್ರೀ," ಎನ್ನುವುದು ಮಾತ್ರ ಬಿಡಲಿಲ್ಲ.

"ಎಂತ ಸಿಗುವುದು ಮಾರಾಯ, ನಿನ್ನ ತಲೆ!" ಎಂದು ಶೆಟ್ಟರು ಪೇಟೆಗೆಲ್ಲ ಕೇಳುವಂತೆ ಕೂಗಿ ಬಂದಿದ್ದರು. ಆಮೇಲೆ ಮನೆಯಲ್ಲಿ ಯಾರಾದರೂ ಯಂಕಪ್ಪನ ಹೆಸರೆತ್ತಿದರೆ ಊಟದ ಬಟ್ಟಲು ಹಾರುತ್ತಿತ್ತು.

ಬೈದು ಸಾಕಾಗಿತ್ತು. ತನ್ನ ಮರ್ಯಾದೆ ಹೋದಂತೆ ಆ ಘಟ್ಟದ ಮೇಲಿನವನ ಮರ್ಯಾದೆಯೂ ಹೋಗಬೇಕು, ಅವನ ಕೈಗೆ ಇನ್ನು ಯಾರೂ ಸೈಕಲ್ಲು ಕೂಡ ಕೊಡಬಾರದು. ಉಡುಪಿಯ ಡಾಕ್ಟರ್ ಮ್ಯಾಥ್ಯೂ ಹದಿನೈದು ದಿನ ಊರಿಗೆ ಹೋಗುವಾಗ ತಮ್ಮ ದುಬಾರಿ ಕಾರನ್ನು ಯಂಕಪ್ಪನಲ್ಲಿ ಸರ್ವೀಸಿಗೆ ಬಿಟ್ಟಿದ್ದರು. ಭಾನುವಾರ ಗ್ಯಾರೇಜಿಗೆ ರಜೆ. ಕೀಲಿಗಳು ತಗಡಿನ ಹಿಂದಿನ ಮೊಳೆಯಲ್ಲಿ ತೂಗುವುದು ಗಿರಾಕಿಗಳಿಗೆಲ್ಲ ಗೊತ್ತು. ಆ ಇಂಜಿನ್ನಿಗೆ ಎರಡು ಹಿಡಿ ಹೊಯಿಗೆ, ಕಡಲ ಮರಳು, ಸುರಿದರೆ ಸಾಕು.

ಮೊದಲ ಸಂಶಯ ತನ್ನ ಮೇಲೆಯೇ ಬರುತ್ತದೆ ಎಂದು ತಿಳಿಯದಷ್ಟು ಶೆಟ್ಟರು ದಡ್ಡರಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮುಂದಿನ ವಾರದ ಭಾನುವಾರ ಕಾರ್ಕಳದಲ್ಲಿ ಸೋದರಳಿಯ ತಾರಾನಾಥನ ಮಗಳ ಮದುವೆ. ಹತ್ತು ಗಂಟೆಗೆ ಮದುವೆ ಹಾಲಿನ ಹಿಂದೆ ಕಾರು ನಿಲ್ಲಿಸಿ ಎಲ್ಲರಿಗೂ ಮುಖ ತೋರಿಸುವುದು. ಮುಹೂರ್ತದ ಗಡಿಬಿಡಿಯಲ್ಲಿ ಹೊರಟರೆ ಕಾಪುವಿಗೆ ಹೋಗಿ ಬರಲು ಎರಡೂಕಾಲು ಗಂಟೆ. ಊಟದ ಕೊನೆಯ ಪಂಕ್ತಿಗೆ ಮತ್ತೆ ಅದೇ ಜಾಗ. ಇಡೀ ದಿನ ಅಲ್ಲೇ ಇದ್ದೆ ಎನ್ನುವುದಕ್ಕೆ ಕಾರೇ ಸಾಕ್ಷಿ. ಅದು ಒಂದು ಗಂಟೆ ನಿಂತರೆ ಅಂಗೈಯಗಲ, ನಾಲ್ಕು ಗಂಟೆ ನಿಂತರೆ ಹರಿವಾಣದಗಲ ಕಲೆಯಾಗುವುದನ್ನು ಕಾಣದ ನೆಂಟರಿಲ್ಲ. ಶೆಟ್ಟರು ಹತ್ತು ದಿನ ಕಾರಿನ ಕೆಳಗೆ ಟ್ರೇ ಇಟ್ಟು, ಬಿದ್ದದ್ದನ್ನು ಬಾಟಲಿಗೆ ತುಂಬಿದರು. ಬೇರೆ ಆಯಿಲ್ ಅಲ್ಲ, ಅದೇ ಕಾರಿನದು. ಪೊಲೀಸರು ಬೇಕಾದರೆ ಮೂಸಿ ನೋಡಲಿ. ಗುರುವಾರ ಬಾಟಲಿ ತುಂಬಿತು. ಟ್ರೇ ತೊಳೆದು ಎತ್ತಿಟ್ಟರು.

ಅಂದುಕೊಂಡಂತೆಯೇ ನಡೆಯಿತು. ಹಲ್ಲು ಕಡಿಯುತ್ತ ಡಾಕ್ಟರರ ಕಾರಿಗೆ ಹೊಯಿಗೆ ಸುರಿದರು. "ತಿನ್ನು," ಎಂದರು, ಯಂಕಪ್ಪನೇ ಬಾಯ್ತೆರೆದು ಕುಳಿತಿದ್ದಾನೋ ಎಂಬಂತೆ. ಕಾರ್ಕಳಕ್ಕೆ ಮರಳಿ, ಕಾರು ನಿಲ್ಲಿಸಿ, ಬಗ್ಗಿ ಬಾಟಲಿಯಿಂದ ಹರಿವಾಣದಗಲ ಸುರಿದು, ತಾರಾನಾಥನನ್ನು ಕೈಹಿಡಿದು ಕರೆತಂದು ತೋರಿಸಿದರು. "ನೋಡು ಮಾರಾಯ, ಬೆಳಿಗ್ಗೆಯಿಂದ ನಿಂತದ್ದಕ್ಕೆ ಹಾಲಿನವರ ಅಂಗಳವೇ ಹಾಳಾಯಿತು!"

"ಸಹಿ ಹಾಕದೆ ನಿಮ್ಮ ಕಾರು ಎಲ್ಲಿಂದ ಹೊರಟದ್ದುಂಟು ಮಾವ?" ಎಂದು ತಾರಾನಾಥ ನಕ್ಕ.

ಸೋಮವಾರ ಊರಿನಿಂದ ಮರಳಿದ ಡಾಕ್ಟರರು ಒಯ್ದ ಕಾರು ಉದ್ಯಾವರ ಸೇತುವೆ ಮುಟ್ಟುವ ಮೊದಲೇ ಇಂಜಿನ್ ಕಚ್ಚಿಕೊಂಡು ನಿಂತಿತು. ಬಿಚ್ಚಿದರೆ ಹೊಯಿಗೆ. ಡಾಕ್ಟರು ಪೊಲೀಸರಿಗೆ ದೂರು ಕೊಟ್ಟರು. ಸಂಜೆಯೊಳಗೆ ಉಳಿದ ಗಿರಾಕಿಗಳೂ ತಮ್ಮ ತಮ್ಮ ಗಾಡಿ ಬಿಡಿಸಿಕೊಂಡು ಹೋದರು. ಶೆಟ್ಟರು ಅಂದು ಎರಡು ಸಲ ಅನ್ನ ಹಾಕಿಸಿಕೊಂಡರು.

ಮಂಗಳವಾರ ಹೆಡ್ ಕಾನ್‌ಸ್ಟೇಬಲ್ ದೂಮಪ್ಪ ಮನೆಗೆ ಬಂದ.

"ಯಂಕಪ್ಪ ನಿಮ್ಮ ಹೆಸರು ಹೇಳಲಿಲ್ಲ ಶೆಟ್ರೇ. ಪೇಟೆಯವರು ಹೇಳಿದರು, ನಿಮಗೂ ಅವನಿಗೂ ಜಗಳ ಉಂಟಂತೆ. ಹೊಯಿಗೆ ಬಿದ್ದದ್ದು ಗ್ಯಾರೇಜಿಗೆ ರಜೆಯಿದ್ದ ಭಾನುವಾರ."

"ಉಂಟು! ಇಲ್ಲ ಅಂತ ಹೇಳಿದೆನಾ? ಆದರೆ ಭಾನುವಾರ ನಾನು ಕಾರ್ಕಳದಲ್ಲಿ. ನನ್ನನ್ನು ನಂಬಬೇಡಿ, ಆ ಹಾಲಿನ ಹಿಂದೆ ಹೋಗಿ ಆಯಿಲ್ ನೋಡಿ."

"ನೀವು ಮದುವೆಗೆ ಹೋದದ್ದು ಕೇಳಿ ಬೆಳಿಗ್ಗೆ ಕಾರ್ಕಳಕ್ಕೆ ಹೋಗಿ ನೋಡಿಯೇ ಬಂದೆ. ಅಷ್ಟು ಬೀಳಬೇಕಾದರೆ ಕಾರು ನಾಲ್ಕು ಗಂಟೆ ನಿಲ್ಲಬೇಕು ಅಂತ ತಾರಾನಾಥರೂ ಹೇಳಿದರು." ದೂಮಪ್ಪ ಪುಸ್ತಕ ಮುಚ್ಚಿ ಎದ್ದ. ಶೆಟ್ಟರ ಹೆಂಡತಿ ಬೆಲ್ಲ ನೀರು ತಂದು ಅವನನ್ನು ಮತ್ತೆ ಕೂರಿಸಿದರು.

"ಯಾವ ಆಯಿಲ್?" ಎಂದು ಆಕೆ ಲೋಟ ಕೊಡುತ್ತ ಕೇಳಿದರು. "ಶುಕ್ರವಾರ ಇವರು ಬಸ್ಸಿನಲ್ಲಿ ಉಡುಪಿಗೆ ಹೋಗಿದ್ದಾಗ ನಾನೇ ಯಂಕಪ್ಪನನ್ನು ಕರೆಸಿದೆ. ಅದು ತಳದಿಂದ ಸೋರುವುದೇ ಅಲ್ಲವಂತೆ. ಮೇಲೆ ಪೆಟ್ರೋಲ್ ಎಳೆಯುವ ಪಂಪಿನ ಪ್ಯಾಕಿಂಗಿನಿಂದ ಇಳಿದು ಬರುವುದಂತೆ. ಅರ್ಧ ಗಂಟೆಯಲ್ಲಿ ಸರಿ ಮಾಡಿ ಹೋದ, ಪಾಪ. ಅವನ ಹೆಸರು ಕೇಳಿದರೆ ಇವರು ಕುಣಿಯುತ್ತಾರಲ್ಲ, ಅದಕ್ಕೆ ನಾನು ಹೇಳಲಿಲ್ಲ. ಆವತ್ತಿನಿಂದ ಕಾರಿನ ಕೆಳಗೆ ಒಂದು ಹನಿ ಬಿದ್ದದ್ದಿಲ್ಲ." ದೂಮಪ್ಪ ನೀರು ಕುಡಿದು ಲೋಟ ಕೆಳಗಿಟ್ಟ. ಅಂಗಳಕ್ಕಿಳಿದು, ಟೋಪಿ ತೆಗೆದು, ಕಾರಿನ ಕೆಳಗೆ ಕೈ ಹಾಕಿ ಇಂಜಿನ್ನಿನ ತಳವನ್ನು ಉದ್ದಕ್ಕೂ ಒರೆಸಿದ. ಬೆರಳು ಒಣಗಿಯೇ ಇತ್ತು.