ಖಾಲಿ ಪೋರ್ಟ್

೨೦೦೯ರಲ್ಲಿ ನಾನು ಮಾದಾಪುರದ ಸಣ್ಣ ಕಂಪನಿಯೊಂದರಲ್ಲಿ ಲಿನಕ್ಸ್ ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಗೆ ಚಿತ್ರ ಕಳಿಸುವ ತಂತ್ರಾಂಶ, ಬರೆಯುತ್ತಿದ್ದೆ. ಕಂಪ್ಯೂಟರಿಗೆ ಯಾವ ಮಾನಿಟರ್ ಜೋಡಿಸಿದ್ದಾರೆ ಎಂದು ಪತ್ತೆಹಚ್ಚುವ ಭಾಗ ನನ್ನದು. ಆಫೀಸಿನಲ್ಲಿ ಕೊಟ್ಟ ಹೊಸ ಜಾಗದಲ್ಲಿ ಕೂತ ಮೊದಲ ದಿನವೇ ಡ್ರೈವರ್ ಎರಡು ಮಾನಿಟರ್ ಇವೆ ಎಂದಿತು. ನನ್ನೆದುರು ಇದ್ದದ್ದು ಒಂದೇ. ಕಂಪ್ಯೂಟರಿನ ಹಿಂದೆ ಕೈಹಾಕಿ ನೋಡಿದೆ. ಮಾನಿಟರಿನ ತಂತಿ ಸಿಗಿಸುವ ಎರಡನೆಯ ಪೋರ್ಟ್ ಖಾಲಿ ಇತ್ತು, ಆದರೆ ಯಾರದೋ ಬೆವರಿದ ಬೆರಳು ಈಗಷ್ಟೇ ತಾಗಿದಂತೆ ಒದ್ದೆಯಾಗಿತ್ತು. ಮೌಸಿನ ಬಾಣ ಬಲ ಅಂಚು ದಾಟಿ ಕಾಣದ ಪರದೆಗೆ ಹೋಯಿತು. ನಾನು ಕೈ ತೆಗೆದೆ. ಅದು ತಾನಾಗಿ ಮರಳಿತು.

ಡ್ರೈವರ್ ಓದಿದ ಆ ಎರಡನೆಯ ಮಾನಿಟರಿನ ನಂಬರನ್ನು ಕಂಪನಿ ಸ್ಟೋರಿನ ಮಾಣಿಕಪ್ಪನವರಿಗೆ ತೋರಿಸಿದೆ.

"ಇದು ಶ್ರೀಹರ್ಷ ಸಾರ್ ಸ್ಕ್ರೀನ್ ರೀ ಮೇಡಂ. ಅವ್ರು ತೀರಿಕೊಂಡ ಮ್ಯಾಲೆ ನಾನೇ ಗುಜರಿಗೆ ಹಾಕೀನಿ," ಎಂದವರು ತಲೆಯೆತ್ತಿ ಕೇಳಿದರು, "ನೀವು ಅವ್ರ ಜಾಗದಾಗ ಕುಂತೀರೇನ್ರೀ?"

ನಾನು ವಾಪಸ್ ಬಂದು ಕೋಡ್ ತಿದ್ದಿದೆ, ಗ್ರಾಫಿಕ್ಸ್ ಕಾರ್ಡನ್ನೇ ಬದಲಿಸಿದೆ. ಆದರೂ ದಿನಾ ಒಂಬತ್ತೂವರೆಗೆ ಎರಡನೆಯ ಮಾನಿಟರ್ ಜೋಡಿಸಿದ್ದಾರೆಂದು, ಸಂಜೆ ಆರಕ್ಕೆ ತೆಗೆದಿದ್ದಾರೆಂದು ಕಂಪ್ಯೂಟರ್ ತಾನೇ ಬರೆದಿಡುವ ಲಾಗಿನಲ್ಲಿ ದಾಖಲಾಗುತ್ತಲೇ ಇತ್ತು.

ಕೆಲಸ ಬಿಡುವ ಮುನ್ನ ಇಡೀ ವರ್ಷದ ಲಾಗ್ ತೆಗೆದು ನೋಡಿದೆ. ಆ ಕಂಪ್ಯೂಟರ್ ವಾರದ ರಜೆಯಲ್ಲೂ ಚಾಲೂ ಇರುತ್ತಿತ್ತು. ಆದರೂ ಭಾನುವಾರಗಳಂದು ಮಾತ್ರ ಎರಡನೆಯ ಮಾನಿಟರಿನ ಬಗ್ಗೆ ಒಂದು ಸಾಲೂ ಇರಲಿಲ್ಲ.